ಮೊಮೊ ಎಲ್ಲಿ, ರೋಟಿ ಎಲ್ಲಿ: ದಾವಣಗೆರೆಯಲ್ಲಿ ಎರಡು ತಿಂಗಳು ತಿಂದು ನೋಡಿದ್ದು

ನಮ್ಮ ಮನೆಯಿಂದ ಐದು ನಿಮಿಷ ನಡೆದರೆ ಒಂದು ನೇಪಾಳಿ ಹೋಟೆಲ್ ಇದೆ. ಎಂಸಿಸಿ ಬಿ ಬ್ಲಾಕಿನ ಒಂದು ಅಡ್ಡರಸ್ತೆ. ಕೆಳಗೆ ಹೋಟೆಲ್, ಮೇಲೆ ಹುಡುಗರ ಪಿಜಿ. ಬೋರ್ಡಿನಲ್ಲಿ ‘ನೇಪಾಳಿ ಮತ್ತು ಇಂಡಿಯನ್’ ಅಂತ ಬರೆದಿದೆ. ಆರೇ ಟೇಬಲ್. ಗಂಡ ಒಲೆ ಮುಂದೆ, ಹೆಂಡತಿ ಗಲ್ಲಾದಲ್ಲಿ. ಒಂದು ವರ್ಷ ಅದರ ಮುಂದೆಯೇ ಓಡಾಡಿದೆ, ಒಳಗೆ ಕಾಲಿಡಲಿಲ್ಲ. ಸಂಜೆಯಾದರೆ ಕಾಲು ತಾನಾಗಿ ಮಂಡಕ್ಕಿ ಮಿರ್ಚಿ ಕಡೆ ತಿರುಗುವ ಊರಲ್ಲಿ ಹುಟ್ಟಿದವನು ನಾನು, ಏನು ಮಾಡೋದು?

ಜಗಳ ಶುರು ಮಾಡಿದ್ದು ಅಕ್ಕನ ಮಗ. ಇಲ್ಲೇ ಇಂಜಿನಿಯರಿಂಗ್ ಓದುತ್ತಾನೆ. "ಮಾವ, ಮೊಮೊ ಅಂದ್ರೆ ಕಾಲೇಜ್ ಹತ್ರದ ಗಾಡೀದೇ. ಉಳಿದದ್ದೆಲ್ಲ ದುಡ್ಡು ದಂಡ" ಅಂದ. ನನ್ನ ಹೆಂಡತಿಗೆ ಎಸಿ ಇರುವ ದೊಡ್ಡ ರೆಸ್ಟೋರೆಂಟೇ ಆಗಬೇಕು. ಸರಿ, ಮೂರನ್ನೂ ತಿಂದು ನೋಡೋಣ ಅಂತ ಹೊರಟೆವು. ಎರಡು ತಿಂಗಳಲ್ಲಿ ನೇಪಾಳಿ ಹೋಟೆಲ್‌ಗೆ ಏಳು ಸಲ, ಎಸಿ ರೆಸ್ಟೋರೆಂಟಿಗೆ ಮೂರು ಸಲ ಹೋದೆವು. ಗಾಡಿಯ ಲೆಕ್ಕ ಅಳಿಯನ ಹತ್ತಿರ ಇದೆ, ಅವನು ಹೇಳುತ್ತಿಲ್ಲ.

ಮೊದಲು ಮೊಮೊ. ಗಾಡಿಯಲ್ಲಿ ಪ್ಲೇಟಿಗೆ 60 ರೂಪಾಯಿ, ನೇಪಾಳಿಯಲ್ಲಿ 100, ಎಸಿಯಲ್ಲಿ 180. ಗಾಡಿಯವನು ಎಲ್ಲಿಂದಲೋ ಫ್ರೋಜನ್ ಪ್ಯಾಕೆಟ್ ತರುತ್ತಾನೆ, ಹಬೆಯಲ್ಲಿ ಬಿಸಿ ಮಾಡಿ ಕೊಡುತ್ತಾನೆ. ಕಣಕ ದಪ್ಪ, ಹೂರಣ ಕಡಿಮೆ. ಜೊತೆಗೆ ಬಾಟಲಿಯ ಕೆಂಪು ಸಾಸ್, ಒಂದು ಚಮಚ ಮಯೋನೀಸ್. ಹಸಿದ ಹುಡುಗರಿಗೆ ಅದೇ ಅಮೃತ, ಇರಲಿ ಬಿಡಿ. ಎಸಿಯಲ್ಲಿ ಬಿದಿರಿನ ಬುಟ್ಟಿಯಲ್ಲಿ ಚೆಂದವಾಗಿ ಜೋಡಿಸಿ ತಂದಿಡುತ್ತಾರೆ. ಆದರೆ ಅಲ್ಲಿ ಮೊಮೊ ತಿಂದ ಎರಡು ಸಲವೂ ಅಂಚು ಒಣಗಿ ಗಟ್ಟಿಯಾಗಿತ್ತು. ಮೊದಲೇ ಬೇಯಿಸಿಟ್ಟು ಮತ್ತೆ ಬಿಸಿ ಮಾಡಿದರೆ ಹಾಗಾಗುತ್ತೆ.

ನೇಪಾಳಿ ಹೋಟೆಲ್‌ನಲ್ಲಿ ಮಧ್ಯಾಹ್ನ ಮೂರೂವರೆಗೆ ಹೋದರೆ ಅವರು ಮಾಡುವುದನ್ನೇ ನೋಡಬಹುದು. ಆ ಅಕ್ಕ ಅಂಗೈ ಮೇಲೆ ಮೈದಾ ಹಾಳೆ ಇಟ್ಟುಕೊಂಡು, ಎಡಗೈ ಹೆಬ್ಬೆರಳಲ್ಲಿ ಹೂರಣವನ್ನು ಒಳಗೆ ಒತ್ತುತ್ತಾ, ಬಲಗೈ ಎರಡು ಬೆರಳಲ್ಲಿ ನೆರಿಗೆ ಹಿಡಿಯುತ್ತಾರೆ. ಹಾಳೆಯ ನಡು ದಪ್ಪ, ಅಂಚು ತೆಳು. ಒಂದರಲ್ಲಿ ನೆರಿಗೆ ಎಣಿಸಿದೆ, ಹದಿನಾಲ್ಕು. ಸೀರೆ ಉಡುವವರಿಗೂ ಅಷ್ಟು ನೆರಿಗೆ ಬೇಡ ಅಲ್ವಾ? ಎಲೆಕೋಸು, ಈರುಳ್ಳಿಗೆ ಉಪ್ಪು ಹಾಕಿಟ್ಟು ಬಟ್ಟೆಯಲ್ಲಿ ಹಿಂಡಿ ನೀರು ತೆಗೆಯುತ್ತಾರೆ, ಇಲ್ಲದಿದ್ದರೆ ಬೇಯುವಾಗ ಕಣಕ ಹರಿಯುತ್ತದಂತೆ. ಚಿಕನ್‌ನದಕ್ಕೆ ಮಾತ್ರ ಒಳಗೆ ರಸ ಇರಬೇಕು. ಮೊದಲ ದಿನ ಗೊತ್ತಿಲ್ಲದೆ ಕಚ್ಚಿ, ರಸ ಅಂಗಿ ಮೇಲೆ ಹಾರಿತು. ಇಡೀ ಮೊಮೊ ಒಂದೇ ಸಲ ಬಾಯಿಗೆ ಹಾಕಬೇಕು, ಅದಕ್ಕೂ ಮುಂಚೆ ಎರಡು ನಿಮಿಷ ಆರಲು ಬಿಡಬೇಕು.

ಇಷ್ಟಾದರೂ ನಿಜವಾದ ವ್ಯತ್ಯಾಸ ಇರುವುದು ಚಟ್ನಿಯಲ್ಲಿ. ಅವರು ಅದಕ್ಕೆ ಅಚಾರ್ ಅನ್ನುತ್ತಾರೆ. ನಮ್ಮ ಉಪ್ಪಿನಕಾಯಿ ಅಲ್ಲ, ಸುಟ್ಟ ಟೊಮೆಟೊ, ಹುರಿದ ಎಳ್ಳು, ಮೆಣಸಿನಕಾಯಿ, ಜೊತೆಗೆ ಟಿಮುರ್ ಹಾಕಿ ಅರೆದದ್ದು. ಟಿಮುರ್ ಅಂದರೆ ಮಲೆನಾಡು, ಕರಾವಳಿಯವರ ಜುಮ್ಮನಕಾಯಿಯ ಹತ್ತಿರದ ನೆಂಟ. ತಿಂದು ಅರ್ಧ ನಿಮಿಷಕ್ಕೆ ನಾಲಿಗೆ ತುದಿ ಜುಮ್ ಅನ್ನುತ್ತೆ, ತುಟಿ ಮರಗಟ್ಟಿದ ಹಾಗಾಗುತ್ತೆ. ಗುರೆಳ್ಳು ಚಟ್ನಿ ತಿಂದು ಬೆಳೆದ ನಮಗೆ ಎಳ್ಳಿನ ರುಚಿ ಹೊಸದಲ್ಲ, ಈ ಜುಮ್ ಹೊಸದು. ಎಸಿಯವರು ಕೊಟ್ಟದ್ದು ಷೆಜ್ವಾನ್ ಸಾಸ್. ಚೀನಾದ ಸಿಚುವಾನ್ ಅಡುಗೆಗೆ ಜುಮ್ ಕೊಡುವುದು ಇದೇ ಜಾತಿಯ ಕಾಯಿ. ನಮ್ಮಲ್ಲಿ ಆ ಹೆಸರಿಟ್ಟುಕೊಂಡು ಬರುವ ಬಾಟಲಿಯಲ್ಲಿ ಮಾತ್ರ ಬರೀ ಮೆಣಸಿನಕಾಯಿ, ಬೆಳ್ಳುಳ್ಳಿ. ಅಸಲಿ ಜುಮ್ ಬೇಕಾದರೆ ಬಿ ಬ್ಲಾಕಿಗೇ ಬರಬೇಕು.

ಹಿಂದೊಮ್ಮೆ ಮುಂಡಗೋಡಿನ ಟಿಬೆಟನ್ ಕ್ಯಾಂಪಿನಲ್ಲಿ ಮೊಮೊ ತಿಂದಿದ್ದೆ. ಅಲ್ಲಿ ಜೊತೆಗೆ ಕೊಟ್ಟದ್ದು ಬರೀ ಖಾರದ ಮೆಣಸಿನ ಚಟ್ನಿ, ಎಳ್ಳಿರಲಿಲ್ಲ. ಮೊಮೊ ಮೂಲ ಟಿಬೆಟ್ಟಿನದೇ. ಲಾಸಾ ಜೊತೆ ವ್ಯಾಪಾರ ಮಾಡುತ್ತಿದ್ದ ಕಠ್ಮಂಡುವಿನ ನೇವಾರರು ಅದನ್ನು ತಮ್ಮೂರಿಗೆ ತಂದರು ಅನ್ನುತ್ತಾರೆ. ಅಲ್ಲಿ ಅದಕ್ಕೆ ಈ ಅಚಾರ್ ಅಂಟಿಕೊಂಡಿತು. ಅದೇ ಅಚಾರನ್ನು ತೆಳ್ಳಗೆ ಸಾರಿನ ಹಾಗೆ ಮಾಡಿ ಮೊಮೊ ಮುಳುಗಿಸಿ ಕೊಟ್ಟರೆ ಝೋಲ್ ಮೊಮೊ. ಮಳೆ ಬರುವ ಸಂಜೆ ನನ್ನ ಓಟು ಅದಕ್ಕೆ.

ಇನ್ನು ಅದೇ ಬೋರ್ಡಿನ ‘ಇಂಡಿಯನ್’ ಭಾಗಕ್ಕೆ ಬಂದರೆ, ದಯವಿಟ್ಟು ಬೇಡ. ಪನೀರ್ ಬಟರ್ ಮಸಾಲ ಕೇಳಿದೆವು, ಕೆಚಪ್‌ನಷ್ಟು ಸಿಹಿ ಇತ್ತು. ಅವರ ಹತ್ತಿರ ತಂದೂರ್ ಒಲೆ ಇಲ್ಲ, ರೋಟಿ ಹೆಂಚಿನ ಮೇಲೇ ಆಗಬೇಕು. ಹತ್ತು ನಿಮಿಷಕ್ಕೆ ಅದು ಚಪ್ಪಲಿ ಚರ್ಮ. ಇಲ್ಲಿ ಎಸಿ ರೆಸ್ಟೋರೆಂಟಿಗೆ ಎದುರಿಲ್ಲ: ಒಲೆಯಿಂದ ನೇರ ಬಂದ ಕುಲ್ಚಾ, ಹೊಗೆ ವಾಸನೆಯ ದಾಲ್. ನನ್ನ ಹೆಂಡತಿ ಇಲ್ಲಿ ಗೆದ್ದಳು, ಇವತ್ತಿಗೂ ಅದನ್ನು ನೆನಪಿಸುತ್ತಾಳೆ.

ಊಟದ ವಿಷಯಕ್ಕೆ ಎಸಿಯವರ ನಾರ್ತ್ ಇಂಡಿಯನ್ ಥಾಲಿ 260, ನೇಪಾಳಿ ದಾಲ್ ಭಾತ್ 130. ಥಾಲಿ ತಿಂದರೆ ಮಧ್ಯಾಹ್ನ ಕೆಲಸ ಆಗಲ್ಲ, ಅಷ್ಟು ಕ್ರೀಮು. ದಾಲ್ ಭಾತ್‌ನಲ್ಲಿ ಅನ್ನ, ತೆಳ್ಳನೆ ಬೇಳೆ, ಒಂದು ಪಲ್ಯ, ಸೊಪ್ಪು, ಅಚಾರ್. ಅನ್ನ, ಬೇಳೆ ಮತ್ತೆ ಮತ್ತೆ ಬಡಿಸುತ್ತಾರೆ. ಸಾಂಬಾರಿಗೆ ಒಗ್ಗಿದ ನಾಲಿಗೆಗೆ ಆ ಬೇಳೆ ಮೊದಲು ಸಪ್ಪೆ ಅನಿಸುತ್ತೆ, ಸುಳ್ಳು ಯಾಕೆ ಹೇಳಲಿ. ಒಂದು ದಿನ ಮಾತ್ರ ಬೇರೆಯೇ ಘಮ ಇತ್ತು. ಕೇಳಿದರೆ ಜಿಂಬು ಅಂದರು. ಹಿಮಾಲಯದ ಎತ್ತರದಲ್ಲಿ ಬೆಳೆಯುವ, ಈರುಳ್ಳಿ ಜಾತಿಯ ಒಂದು ಎಲೆ. ಒಣಗಿಸಿಟ್ಟು ತುಪ್ಪದಲ್ಲಿ ಒಗ್ಗರಣೆ ಕೊಡುತ್ತಾರೆ. ಊರಿಂದ ಯಾರಾದರೂ ತಂದಾಗ ಮಾತ್ರ ಅದು ಸಿಗೋದು. ಉಳಿದ ದಿನ ಜೀರಿಗೆ, ಬೆಳ್ಳುಳ್ಳಿ.

ಮೆನುವಿನಲ್ಲಿ ಇಲ್ಲದ ಒಂದನ್ನು ಹೇಳಲೇಬೇಕು. ಒಂದು ಮಧ್ಯಾಹ್ನ ಅವರೇ ಊಟಕ್ಕೆ ಕೂತಿದ್ದರು. ತಟ್ಟೆಯಲ್ಲಿ ಕಪ್ಪಗೆ, ಮೆತ್ತಗೆ ಏನೋ. ಏನದು ಅಂದೆ. "ಢಿಂಡೊ" ಅಂದರು. ಯಾವ ಹಿಟ್ಟು? "ಕೋದೋ." ಹಿಂದಿಯಲ್ಲಿ ಕೋದೋ ಅಂದರೆ ಹಾರಕ. ಸಿರಿಧಾನ್ಯ ತಿನ್ನುತ್ತಿದ್ದಾರೆ ಅಂದುಕೊಂಡೆ. ಅಕ್ಕ ಒಳಗೆ ಹೋಗಿ ಹಿಟ್ಟಿನ ಪ್ಯಾಕೆಟ್ ತಂದು ತೋರಿಸಿದರು. ರಾಗಿ! ನೇಪಾಳಿಯಲ್ಲಿ ರಾಗಿಗೆ ಕೋದೋ ಅನ್ನುತ್ತಾರೆ. ಅಂದರೆ ನಮ್ಮ ಮುದ್ದೆಯೇ, ಉಂಡೆ ಕಟ್ಟಿಲ್ಲ ಅಷ್ಟೇ. ಜೊತೆಗೆ ಗುಂದ್ರುಕ್ ಸಾರು. ಸಾಸಿವೆ ಸೊಪ್ಪನ್ನು ಒತ್ತಿಟ್ಟು ಹುಳಿ ಬರಿಸಿ ಒಣಗಿಸಿದ್ದು. ನಮ್ಮ ಪುಂಡಿ ಪಲ್ಯದ ಹುಳಿಗೆ ಒಂದು ಹಳೇ ವಾಸನೆ ಸೇರಿದ ಹಾಗೆ ಇತ್ತು. "ಅಗಿಯಬೇಡಿ, ನುಂಗಿ" ಅಂತ ನನಗೆ ಹೇಳಿಕೊಟ್ಟರು. ಹಿರಿಯೂರಿನ ಅಳಿಯನಿಗೆ! ನಕ್ಕು ನುಂಗಿದೆ. ಹೆಂಡತಿ ತವರಿನ ಮುದ್ದೆಗಿಂತ ಮೆತ್ತಗಿತ್ತು, ಬಸ್ಸಾರು ಇದ್ದಿದ್ದರೆ ಇನ್ನೊಂದು ತುತ್ತು ಕೇಳುತ್ತಿದ್ದೆ. ನಿಮಗೂ ಬೇಕಾದರೆ ಬೆಳಿಗ್ಗೆಯೇ ಹೇಳಿಡಿ, ಮಾಡಿಕೊಡುತ್ತಾರೆ.

ಸಸ್ಯಾಹಾರಿಗಳು ಒಂದು ಮಾತು ಕೇಳಿ ಕೂರಿ. ಮೊಮೊ ಪಾತ್ರೆ ನಮ್ಮ ಇಡ್ಲಿ ಪಾತ್ರೆ ಹಾಗೆ ಅಂತಸ್ತಿನದು. ಮೇಲಿನ ತಟ್ಟೆಯ ರಸ ಕೆಳಗಿನದಕ್ಕೆ ತೊಟ್ಟಿಕ್ಕುತ್ತೆ. ಗಾಡಿಯಲ್ಲಿ ವೆಜ್, ಚಿಕನ್ ಎರಡೂ ಒಂದೇ ಪಾತ್ರೆ. ಎಸಿಯವರು ಬೇರೆ ಅಂದರು, ಅಡುಗೆಮನೆ ಕಾಣಲ್ಲ. ನೇಪಾಳಿಯಲ್ಲಿ ವೆಜ್ ತಟ್ಟೆ ಎಲ್ಲಕ್ಕಿಂತ ಮೇಲೆ, ಆದರೆ ಪಾತ್ರೆ ಒಂದೇ. ಅವ್ವನಿಗೆ ಇದನ್ನು ಹೇಳಿದೆ. "ಕೋಳಿ ಹಬೆ ಮ್ಯಾಲೇ ಬರ್ತದಲ್ಲೋ" ಅಂದಳು. ವಾದಕ್ಕೆ ಜಾಗ ಇಲ್ಲ. ಈಗ ಫೋನ್ ಮಾಡಿ ಹೇಳಿದರೆ ಅವರು ಬೇರೆ ಪಾತ್ರೆಯಲ್ಲಿ ಬೇಯಿಸಿಡುತ್ತಾರೆ, ಇಪ್ಪತ್ತು ನಿಮಿಷ ಜಾಸ್ತಿ ಹಿಡಿಯುತ್ತೆ. ಆದರೂ ಅವ್ವ ಮೊಮೊ ಮುಟ್ಟಿಲ್ಲ. ಅಚಾರ್ ಮಾತ್ರ ರೊಟ್ಟಿಗೆ ಹಚ್ಚಿಕೊಂಡು ತಿಂದಳು.

ಚೌಮೀನ್ ಮೂರೂ ಕಡೆ ಒಂದೇ. ಪಾರ್ಕಿಂಗ್ ಬೇಕಾದರೆ ಎಸಿ. ಪಾರ್ಸೆಲ್ ಎಲ್ಲಿಂದಲೂ ಬೇಡ, ಡಬ್ಬಿಯಲ್ಲಿ ಮೊಮೊ ಒಂದಕ್ಕೊಂದು ಅಂಟಿ ಬಿಡಿಸುವಾಗ ಹರಿಯುತ್ತೆ. ಇನ್ನೊಂದು, ಕೆಲವರು ಒಳಗೆ ಬಂದವರೇ "ಏ ಬಹದ್ದೂರ್" ಅಂತ ಕೂಗುತ್ತಾರೆ. ಅವರು ನಕ್ಕು ಸುಮ್ಮನಿರುತ್ತಾರೆ, ಕೇಳುವ ನಮಗೇ ಕಸಿವಿಸಿ. ‘ದಾಯಿ’ ಅನ್ನಿ, ಅಣ್ಣ ಅಂತ ಅರ್ಥ.

ಅಲ್ಲಿನ ಗೋಡೆ ಗಡಿಯಾರ ಹದಿನೈದು ನಿಮಿಷ ಮುಂದಿದೆ. ಕೆಟ್ಟಿಲ್ಲ, ಅದು ನೇಪಾಳದ ಟೈಮ್. ಮನೆಗೆ ಫೋನ್ ಮಾಡಲು ಇಟ್ಟುಕೊಂಡಿದ್ದಾರೆ. ನೀವು ನಿಮ್ಮ ವಾಚ್ ನೋಡಿ ಹೋಗಿ, ರಾತ್ರಿ ಹತ್ತರವರೆಗೆ ಇರುತ್ತೆ. ದಸರಾ ಹೊತ್ತಿಗೆ ಮಾತ್ರ ಹೋಗಬೇಡಿ. ಅದು ಅವರಿಗೆ ದಶೈನ್, ವರ್ಷದ ದೊಡ್ಡ ಹಬ್ಬ. ರೈಲಲ್ಲಿ ಗೋರಖಪುರ, ಅಲ್ಲಿಂದ ಸೋನೌಲಿ ಗಡಿ ದಾಟಿ ಊರಿಗೆ ಹೋಗುತ್ತಾರೆ. ಒಂದು ತಿಂಗಳು ಬೀಗ. ಬರುವಾಗ ಕಾಲು ಕೆಜಿ ಟಿಮುರ್ ತರಲು ಹೇಳಿದ್ದೇನೆ. ಅವ್ವ ಶೇಂಗಾ ಚಟ್ನಿಗೆ ಹಾಕಿ ನೋಡುತ್ತಾಳಂತೆ.