ಬೋರ್‌ವೆಲ್ ನೀರು ಪರೀಕ್ಷೆಗೆ ಈ ಲ್ಯಾಬ್ ಪರವಾಗಿಲ್ಲ

ಪಾವಗಡದ ಕಡೆಯವರಿಗೆ ನೀರಿನಲ್ಲಿ ಜಾಸ್ತಿಯಾದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಹೊಸದಲ್ಲ. ಮಳೆಗಾಲಕ್ಕೆ ಮುಂಚೆ ಒಂದು ಸಲ, ಆಮೇಲೆ ಒಂದು ಸಲ ನಮ್ಮ ಬೋರ್‌ವೆಲ್ ನೀರನ್ನು ತುಮಕೂರಿನ ಒಂದು ಖಾಸಗಿ ಲ್ಯಾಬ್‌ಗೆ ಕೊಡುತ್ತೇನೆ. ಹಳೆಯ ಅಂಕಿಗಳನ್ನೂ ಹೊಸದರ ಪಕ್ಕದಲ್ಲೇ ಹಾಕಿಕೊಡುತ್ತಾರೆ, ಅದೇ ಇಷ್ಟ. ಬೇಸಿಗೆಯಲ್ಲಿ ಲೀಟರಿಗೆ 1.9 ಮಿಲಿಗ್ರಾಂ ಇದ್ದ ಫ್ಲೋರೈಡ್ ಒಳ್ಳೆ ಮಳೆಯಾದ ಮೇಲೆ 1.4ಕ್ಕೆ ಇಳಿದಿತ್ತು. ಒಂದೇ ವರದಿಯಲ್ಲಿ ಇದು ಗೊತ್ತಾಗಲ್ಲ, ಅಲ್ವಾ? ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಲೆಕ್ಕದಲ್ಲಿ ಕುಡಿಯುವ ನೀರಲ್ಲಿ ಅದು 1ರೊಳಗೆ ಇರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ.

ಗಾಜಿನ ಬಾಟಲಿ ಒಯ್ದರೆ ವಾಪಸ್ ಕಳಿಸುತ್ತಾರೆ, ಪ್ಲಾಸ್ಟಿಕ್ಕೇ ಬೇಕು. ಮೋಟಾರ್ ಹಾಕಿ ಸ್ವಲ್ಪ ಹೊತ್ತು ನೀರು ಹರಿಯಬಿಟ್ಟು ಹಿಡಿಯಿರಿ. ನೈಟ್ರೇಟ್‌ಗೆ ಬೇರೆ ದುಡ್ಡು, ಆ ದರ ಜಾಸ್ತಿಯಾಯಿತು. ಆದರೂ ಯೂರಿಯಾದಿಂದ ನೈಟ್ರೇಟ್ ನೀರಿಗೆ ಇಳಿಯಬಹುದು, ತೋಟಕ್ಕೆ ಅದನ್ನು ಹಾಕುವವರು ಈ ಪರೀಕ್ಷೆಯನ್ನೂ ಮಾಡಿಸಿ. ಐದಕ್ಕೆ ನಾಲ್ಕು ಸ್ಟಾರ್.