ಮೂವರು, ಒಂದು ರೂಮು, ಮೂರು ದಿನ: ‘ಟೆಕ್ಸಸ್ ಫ್ಲಡ್’ ಆಲ್ಬಂ ಕೇಳಿ

ಈ ಆಲ್ಬಂ ಅನ್ನು ಇಯರ್‌ಫೋನ್‌ನಲ್ಲಿ ಕೇಳಬೇಡಿ. ಸ್ಪೀಕರ್‌ಗೆ ಹಾಕಿ, ಸ್ವಲ್ಪ ಜೋರಾಗಿಯೇ ಇಡಿ. ಬ್ಲೂಸ್ (ಅಮೆರಿಕದ ಕಪ್ಪು ಜನರಿಂದ ಬಂದ ಸಂಗೀತ) ಗಿಟಾರ್ ವಾದಕ, ಗಾಯಕ ಸ್ಟೀವಿ ರೇ ವಾನ್ ಮತ್ತು ಅವರ ಡಬಲ್ ಟ್ರಬಲ್ ತಂಡದ ‘ಟೆಕ್ಸಸ್ ಫ್ಲಡ್’ ಬಗ್ಗೆ ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ. ಗಿಟಾರು, ಬೇಸು, ಡ್ರಮ್ಮು ಮೂರೂ ಒಂದೇ ರೂಮಿನಲ್ಲಿ ಕೂತು ಬಾರಿಸಿದ ಸದ್ದು ಇದು. ನಿಮ್ಮ ರೂಮಿನ ಗಾಳಿಯೂ ಸ್ವಲ್ಪ ಅಲುಗಾಡಬೇಕು.

ಅದು ಸುಮ್ನೆ ಹೇಳುವ ಮಾತಲ್ಲ. 1982ರ ನವೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಗಾಯಕ ಜಾಕ್ಸನ್ ಬ್ರೌನ್ ತಮ್ಮ ಸ್ಟುಡಿಯೊವನ್ನು ಮೂರು ದಿನ ಬಿಟ್ಟುಕೊಟ್ಟರು, ಬಾಡಿಗೆ ಇಲ್ಲದೆ. ಸ್ಟೀವಿ, ಬೇಸ್ ನುಡಿಸುವ ಟಾಮಿ ಶ್ಯಾನನ್, ಡ್ರಮ್ಸ್‌ನ ಕ್ರಿಸ್ ಲೇಟನ್ ಹೋಗಿ ಕ್ಲಬ್ಬಿನಲ್ಲಿ ದಿನಾ ನುಡಿಸುತ್ತಿದ್ದ ಹಾಡುಗಳನ್ನು ಹಾಗೇ ನುಡಿಸಿ ಬಂದರು. ಆಲ್ಬಂ ಮಾಡುತ್ತಿದ್ದೇವೆ ಎಂದು ಕೂಡ ಅಲ್ಲ, ಕಂಪನಿಗಳಿಗೆ ಕೇಳಿಸಲು ಒಂದು ಡೆಮೊ ಟೇಪ್ ಇರಲಿ ಅಂತ. ಆ ಟೇಪ್ ಕೊನೆಗೆ ಹಿರಿಯ ಸಂಗೀತ ನಿರ್ಮಾಪಕ ಜಾನ್ ಹ್ಯಾಮಂಡ್ ಕೈ ಸೇರಿತು. ಬಿಲ್ಲಿ ಹಾಲಿಡೇ, ಬಾಬ್ ಡಿಲನ್, ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಇವರನ್ನೆಲ್ಲ ಮೊದಲೇ ಗುರುತಿಸಿದ್ದ ಕಿವಿ ಅದು. 1983ರ ಜೂನ್‌ನಲ್ಲಿ ಎಪಿಕ್ ಕಂಪನಿ ಆಲ್ಬಂ ಹೊರತಂದಿತು.

ಅದಕ್ಕಿಂತ ಒಂದು ವರ್ಷ ಹಿಂದಿನ ಕಥೆ ಗೊತ್ತಿದ್ದರೆ ಕೇಳುವ ಖುಷಿ ಇನ್ನೂ ಜಾಸ್ತಿ. 1982ರ ಜುಲೈನಲ್ಲಿ ಈ ಮೂವರು ಸ್ವಿಟ್ಜರ್ಲೆಂಡ್‌ನ ಮಾಂಟ್ರೂ ಜಾಝ್ ಉತ್ಸವಕ್ಕೆ ಹೋಗಿದ್ದರು. ಕೈಯಲ್ಲಿ ಒಂದೇ ಒಂದು ಆಲ್ಬಂ ಇರಲಿಲ್ಲ. ಅವರ ಜೋರು ಸದ್ದು ಕೆಲವರಿಗೆ ಹಿಡಿಸಲಿಲ್ಲ, ಸಭೆಯಿಂದ ಧಿಕ್ಕಾರ ಕೇಳಿಬಂತು. ಟೆಕ್ಸಸ್‌ನಿಂದ ಅಷ್ಟು ದೂರ ಬಂದು ಬೈಗುಳ ತಿಂದು ವೇದಿಕೆ ಇಳಿಯುವುದೆಂದರೆ ಹೇಗಿರುತ್ತದೆ, ಯೋಚಿಸಿ. ಆದರೆ ಅಲ್ಲಿ ಇಂಗ್ಲೆಂಡಿನ ರಾಕ್ ಗಾಯಕ ಡೇವಿಡ್ ಬೋವಿ ಇದ್ದರು, ಮೆಚ್ಚಿಕೊಂಡು ತಮ್ಮ ‘ಲೆಟ್ಸ್ ಡಾನ್ಸ್’ ಆಲ್ಬಂಗೆ ಗಿಟಾರ್ ನುಡಿಸಲು ಸ್ಟೀವಿಯನ್ನು ಕರೆದರು. ಸ್ಟುಡಿಯೊ ಕೊಟ್ಟ ಜಾಕ್ಸನ್ ಬ್ರೌನ್ ಸಿಕ್ಕಿದ್ದೂ ಅದೇ ಊರಲ್ಲಿ. ಮೂರು ವರ್ಷದ ನಂತರ, 1985ರಲ್ಲಿ, ಅದೇ ಉತ್ಸವದಲ್ಲಿ ಜನ ಅವರನ್ನು ಚಪ್ಪಾಳೆ ತಟ್ಟಿ ಬರಮಾಡಿಕೊಂಡರು. ಎರಡೂ ಕಛೇರಿಗಳ ವಿಡಿಯೊ ಸಿಗುತ್ತದೆ, ನೋಡಿ.

ಈಗ ಹಾಡುಗಳಿಗೆ ಬರೋಣ. ‘ಟೆಕ್ಸಸ್ ಫ್ಲಡ್’ ಹಾಡು ಸ್ಟೀವಿ ಬರೆದದ್ದಲ್ಲ, 1958ರಲ್ಲಿ ಲ್ಯಾರಿ ಡೇವಿಸ್ ಹಾಡಿದ್ದು. ವಿಷಯ ಇಷ್ಟೇ: ಟೆಕ್ಸಸ್‌ನಲ್ಲಿ ನೆರೆ ಬಂದಿದೆ, ಫೋನ್ ಲೈನ್ ಎಲ್ಲ ಬಿದ್ದುಹೋಗಿವೆ, ಪ್ರೀತಿಸಿದವಳಿಗೆ ಕರೆ ಮಾಡಲು ಆಗುತ್ತಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟಿಲ್ಲದೆ, ನೆಟ್‌ವರ್ಕ್ ಇಲ್ಲದೆ ಮನೆಯವರ ಸುದ್ದಿಗೆ ಕಾದು ಕೂತವರಿಗೆ ಇದನ್ನು ವಿವರಿಸಬೇಕಿಲ್ಲ. ಐದು ನಿಮಿಷಕ್ಕೂ ಜಾಸ್ತಿ ಉದ್ದದ ಈ ಹಾಡಿನಲ್ಲಿ ಲೇಟನ್ ಮತ್ತು ಶ್ಯಾನನ್ ಒಂದು ಹೆಜ್ಜೆಯೂ ಅವಸರ ಮಾಡುವುದಿಲ್ಲ, ಗಿಟಾರ್ ಮಾತ್ರ ಒಂದು ಸಾಲು ಹೇಳಿ ನಿಲ್ಲುತ್ತದೆ, ಉಸಿರು ಎಳೆದುಕೊಳ್ಳುತ್ತದೆ, ಮತ್ತೆ ಅದೇ ಮಾತನ್ನು ಇನ್ನೂ ಗಟ್ಟಿಯಾಗಿ ಹೇಳುತ್ತದೆ. ಸ್ಟೀವಿಯ ಗಿಟಾರಿನ ತಂತಿಗಳು ತುಂಬಾ ದಪ್ಪ, ಶ್ರುತಿ ಅರ್ಧ ಸ್ವರ ಕೆಳಗೆ. ದಪ್ಪ ತಂತಿಯನ್ನು ಎಳೆದು ಬಗ್ಗಿಸಲು ಬೆರಳಿಗೆ ಎಷ್ಟು ಬಲ ಬೇಕು ಎಂದು ಗಿಟಾರ್ ಹಿಡಿದವರನ್ನು ಕೇಳಿ. ಆ ಒದ್ದಾಟ ಸದ್ದಿನಲ್ಲೇ ಇದೆ.

‘ಪ್ರೈಡ್ ಅಂಡ್ ಜಾಯ್’ ಇದಕ್ಕೆ ಪೂರ್ತಿ ವಿರುದ್ಧ. ಒಂದೇ ಗಿಟಾರು ಕೆಳಗಿನ ತಂತಿಗಳಲ್ಲಿ ನಡೆಯುತ್ತಾ ಮೇಲಿನ ತಂತಿಗಳಲ್ಲಿ ತಾಳವನ್ನೂ ಕೊಡುತ್ತದೆ. ಇಬ್ಬರು ನುಡಿಸುತ್ತಿದ್ದಾರೆ ಎಂದೇ ನಾನು ಮೊದಮೊದಲು ಅಂದುಕೊಂಡಿದ್ದೆ. ‘ರೂಡ್ ಮೂಡ್’ ವೇಗಕ್ಕಾಗಿ ಕೇಳಬಹುದು, ಅಷ್ಟೇ.

ಸಿಂಥಸೈಜರ್‌ಗಳೇ ರೇಡಿಯೊ ತುಂಬಿದ್ದ ಕಾಲದಲ್ಲಿ ಈ ಬ್ಲೂಸ್ ಆಲ್ಬಂ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 38ನೇ ಸ್ಥಾನದವರೆಗೆ ಏರಿತು. ಬರಬರುತ್ತಾ ಅಲ್ಲಿ ಡಬಲ್ ಪ್ಲಾಟಿನಂ ಕೂಡ ಆಯಿತು, ಅಂದರೆ 20 ಲಕ್ಷ ಪ್ರತಿ. ‘ಗಿಟಾರ್ ಪ್ಲೇಯರ್’ ಪತ್ರಿಕೆಯ ಓದುಗರು 1983ರಲ್ಲಿ ಸ್ಟೀವಿಗೆ ಒಟ್ಟಿಗೇ ಮೂರು ಗೌರವ ಕೊಟ್ಟರು: ಹೊಸ ಪ್ರತಿಭೆ, ಒಳ್ಳೆಯ ಬ್ಲೂಸ್ ಆಲ್ಬಂ, ಒಳ್ಳೆಯ ಎಲೆಕ್ಟ್ರಿಕ್ ಬ್ಲೂಸ್ ಗಿಟಾರ್ ವಾದಕ.

ಎಲ್ಲ ವಿಮರ್ಶಕರೂ ಹೊಗಳಲಿಲ್ಲ. ಕೈ ಚೆನ್ನಾಗಿದೆ, ಆದರೆ ಇದರಲ್ಲಿ ಹಿಂದಿನ ದೊಡ್ಡ ಗಿಟಾರ್ ವಾದಕರಾದ ಆಲ್ಬರ್ಟ್ ಕಿಂಗ್ ಕಾಣುತ್ತಾರೆ, ಜಿಮಿ ಹೆಂಡ್ರಿಕ್ಸ್ ಕಾಣುತ್ತಾರೆ, ಸ್ಟೀವಿಯ ಸ್ವಂತದ್ದು ಎಲ್ಲಿ ಎಂಬ ಮಾತು ಬಂತು. ಆ ಮಾತಿನಲ್ಲಿ ಸ್ವಲ್ಪ ನಿಜ ಇದೆ. ‘ಟೆಲ್ ಮಿ’ ಕೇಳಿದಾಗ ನನಗೂ ಇದನ್ನು ಮೊದಲೇ ಹಾಡಿದ್ದ ಹಿರಿಯ ಬ್ಲೂಸ್ ಗಾಯಕ ಹೌಲಿನ್ ವೂಲ್ಫ್ ಹಾಡಿದ್ದನ್ನೇ ಕೇಳೋಣ ಅನಿಸುತ್ತದೆ. ‘ಐ ಆ್ಯಮ್ ಕ್ರೈಯಿಂಗ್’ ಅಂತೂ ‘ಪ್ರೈಡ್ ಅಂಡ್ ಜಾಯ್’ನ ತಮ್ಮನ ಹಾಗಿದೆ, ಅದೇ ಮುಖ, ಅದೇ ನಡಿಗೆ. ಆದರೆ ಹತ್ತರಲ್ಲಿ ಆರು ಹಾಡುಗಳಲ್ಲಿ ಬರವಣಿಗೆ ಸ್ಟೀವಿಯದೇ, ಒಂದರಲ್ಲಿ ಮಾತ್ರ ಗೆಳೆಯ ಡಾಯ್ಲ್ ಬ್ರ್ಯಾಮ್‌ಹಾಲ್ ಜೊತೆ. ಇನ್ನೊಂದು ಮಾತು, ಬ್ಲೂಸ್ ಎಂದರೇ ಹಿರಿಯರ ಹಾಡನ್ನು ಎತ್ತಿಕೊಂಡು ನಿನ್ನ ಕೈಯಲ್ಲಿ ಅದು ಏನಾಗುತ್ತದೆ ಎಂದು ತೋರಿಸುವುದು. ನಮ್ಮಲ್ಲಿ ಅದೇ ಕೃತಿಯನ್ನು ನೂರು ಜನ ಹಾಡಿದರೂ ಯಾರದೋ ನಕಲು ಅನ್ನುವುದಿಲ್ಲ, ಅಲ್ವಾ?

ಸ್ವಂತದ್ದು ಎಲ್ಲಿ ಅಂದವರು ಕೊನೆಯ ಹಾಡಿನವರೆಗೆ ಕೂತು ಕೇಳಿದ್ದರೋ ಇಲ್ಲವೋ. ‘ಲೆನ್ನಿ’ಯಲ್ಲಿ ಮಾತಿಲ್ಲ. ಹೆಂಡತಿ ಲೆನೋರಾಗಾಗಿ ಮಾಡಿದ್ದು. ಅಡವಿನಂಗಡಿಯೊಂದರಲ್ಲಿ ಸ್ಟೀವಿ ಒಂದು ಗಿಟಾರ್ ಇಷ್ಟಪಟ್ಟಿದ್ದರು, ಬೆಲೆ 350 ಡಾಲರ್, ಕೈಯಲ್ಲಿ ಅಷ್ಟು ದುಡ್ಡಿರಲಿಲ್ಲ. ಲೆನೋರಾ ಗೆಳೆಯರಿಂದೆಲ್ಲ ಚಂದಾ ಎತ್ತಿ ಅದನ್ನು ಹುಟ್ಟುಹಬ್ಬಕ್ಕೆ ತಂದುಕೊಟ್ಟರು. ಆ ಗಿಟಾರಿನಲ್ಲೇ ಹುಟ್ಟಿದ ಹಾಡು ಇದು. ಇಡೀ ಆಲ್ಬಂನಲ್ಲಿ ಅಬ್ಬರಿಸಿದ ಕೈ ಇಲ್ಲಿ ಮಲಗಿದ ಮಗುವನ್ನು ಮುಟ್ಟುವ ಹಾಗೆ ತಂತಿ ಮುಟ್ಟುತ್ತದೆ. 1990ರ ಆಗಸ್ಟ್ 27ರಂದು ವಿಸ್ಕಾನ್ಸಿನ್‌ನಲ್ಲಿ ಕಛೇರಿ ಮುಗಿಸಿ ಹೊರಟ ಹೆಲಿಕಾಪ್ಟರ್ ಬಿದ್ದು ಸ್ಟೀವಿ ತೀರಿಕೊಂಡರು, ಆಗ ಅವರಿಗೆ ಬರೀ 35 ವರ್ಷ. ಅದು ತಿಳಿದ ಮೇಲೆ ‘ಲೆನ್ನಿ’ಯನ್ನು ಬೇರೆ ಕೆಲಸ ಮಾಡುತ್ತಾ ಕೇಳಲು ನನಗೆ ಆಗುತ್ತಿಲ್ಲ.

ಕೊಳ್ಳುವವರಿಗೆ: 2013ರಲ್ಲಿ ಬಂದ ಎರಡು ಸಿಡಿಯ ಆವೃತ್ತಿ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಎರಡನೇ ಸಿಡಿಯಲ್ಲಿ 1983ರ ಅಕ್ಟೋಬರ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ನಡೆಸಿಕೊಟ್ಟ ಕಛೇರಿ ಇದೆ. ಸ್ಟ್ರೀಮಿಂಗ್‌ನಲ್ಲಿ ಕೇಳುವವರು ಹಾಡುಗಳ ಕ್ರಮ ಬದಲಿಸಬೇಡಿ, ಶಫಲ್ ಆಫ್ ಮಾಡಿ, ‘ಲೆನ್ನಿ’ ಕೊನೆಯಲ್ಲೇ ಬರಲಿ.