ಹಳೆಯ ಪ್ಯಾಕೆಟ್ ಪ್ರೋಗ್ರಾಂ, ಹೊಸ ಮೋಡೆಮ್: ಯಾವ ಸೇತುವೆ?

ಹಳೆಯ ಪ್ಯಾಕೆಟ್ ರೇಡಿಯೋ (ರೇಡಿಯೋ ಮೂಲಕ ಡೇಟಾ ಕಳಿಸುವ ವಿಧಾನ) ಪ್ರೋಗ್ರಾಂಗೆ ಗೊತ್ತಿರುವುದು ಕಾಮ್ ಪೋರ್ಟ್, ಅಂದರೆ ಸೀರಿಯಲ್ ಪೋರ್ಟ್ ಮಾತ್ರ. ಡೈರ್ ವುಲ್ಫ್ ಥರದ ಸೌಂಡ್‌ಕಾರ್ಡ್ ಮೋಡೆಮ್ ತಂತ್ರಾಂಶ ಕಿಸ್ ಫ್ರೇಮ್‌ಗಳನ್ನು (ಕಿಸ್ ಎಂಬ ಸರಳ ವಿಧಾನದಲ್ಲಿ ಕಟ್ಟಿದ ಡೇಟಾ ತುಂಡುಗಳನ್ನು) ಟಿಸಿಪಿ 8001 ಎಂಬ ನೆಟ್‌ವರ್ಕ್ ಪೋರ್ಟ್‌ನಲ್ಲಿ ಕೊಡುತ್ತದೆ. ನಡುವೆ ಸೇತುವೆ ಬೇಕೇ ಬೇಕು, ಅಲ್ವಾ?

ಆರಿಸುವ ಮೊದಲು ಇದನ್ನು ನೋಡಿಕೊಳ್ಳಿ: ನಿಮ್ಮ ಪ್ರೋಗ್ರಾಂಗೆ ಕಿಸ್ ಮೋಡ್ ಇದೆಯೇ? ಅದು ಟಿಎನ್‌ಸಿಯ (ರೇಡಿಯೋಗೆ ಜೋಡಿಸುವ ಮೋಡೆಮ್ ಪೆಟ್ಟಿಗೆಯ) ‘ಸಿಎಂಡಿ:’ (cmd:) ಸೂಚನೆಗೆ ಕಾಯುವಂಥದ್ದಾದರೆ ಕೆಳಗಿನ ಯಾವ ದಾರಿಯೂ ಸಾಲದು. ಸೇತುವೆ ಬೈಟ್‌ಗಳನ್ನು ಸುಮ್ನೆ ದಾಟಿಸುತ್ತದೆ, ಆಜ್ಞೆಗಳಿಗೆ ಉತ್ತರ ಕೊಡುವುದಿಲ್ಲ. ಜನ ಜಾಸ್ತಿ ಹೊತ್ತು ಕಳೆದುಕೊಳ್ಳುವುದು ಇಲ್ಲೇ.

ವಿಂಡೋಸ್‌ನಲ್ಲಿ ಕಾಮ್0ಕಾಮ್ (com0com) ಎಂಬ ತಂತ್ರಾಂಶ ಒಂದು ಜೋಡಿ ಹುಸಿ ಪೋರ್ಟ್ ಮಾಡಿಕೊಡುತ್ತದೆ. ಕಾಮ್3, ಕಾಮ್13 ಅಂದುಕೊಳ್ಳಿ. ಪ್ರೋಗ್ರಾಂ 3ನ್ನು ತೆರೆಯುತ್ತದೆ, ಕಾಮ್2ಟಿಸಿಪಿ (com2tcp) ಎಂಬ ಇನ್ನೊಂದು ತಂತ್ರಾಂಶ 13ನ್ನು ಹಿಡಿದು 8001ಕ್ಕೆ ಸೇರಿಸುತ್ತದೆ. ತೀರಾ ಹಳೆಯ ಪ್ರೋಗ್ರಾಂಗಳಿಗೆ ಚಿಕ್ಕ ಸಂಖ್ಯೆಯನ್ನೇ ಕೊಡಿ, ಕೆಲವು ಕಾಮ್4 ದಾಟುವುದಿಲ್ಲ. ಬಾಡ್ ರೇಟ್ (ಸೀರಿಯಲ್ ಪೋರ್ಟ್‌ನ ವೇಗ) ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಇಲ್ಲಿ ನಿಜವಾದ ತಂತಿಯೇ ಇಲ್ಲ.

ಲಿನಕ್ಸ್ ಸುಲಭ. ಡೈರ್ ವುಲ್ಫ್ ಅನ್ನು ‘-ಪಿ’ (-p, ಚಿಕ್ಕ ಅಕ್ಷರ) ಆಯ್ಕೆಯೊಂದಿಗೆ ಶುರು ಮಾಡಿದರೆ ಅದೇ ‘/ಟಿಎಂಪಿ/ಕಿಸ್‌ಟಿಎನ್‌ಸಿ’ (/tmp/kisstnc) ಎಂಬ ಪೋರ್ಟ್ ಕೊಡುತ್ತದೆ, ನೆಟ್‌ವರ್ಕ್ ಬೇಕಿಲ್ಲ. ಎರಡೂ ಒಂದೇ ಯಂತ್ರದಲ್ಲಿದ್ದರೆ ನಾನು ಹೇಳುವುದು ಇದನ್ನೇ. ಮೋಡೆಮ್ ಬೇರೆ ಯಂತ್ರದಲ್ಲಿದ್ದರೆ ಹುಸಿ ಪೋರ್ಟನ್ನು ನೆಟ್‌ವರ್ಕ್‌ಗೆ ಸೇರಿಸುವ ಸೋಕ್ಯಾಟ್ (socat) ತಂತ್ರಾಂಶ ಬಳಸಿ. ಮೋಡೆಮ್ ನಿಂತರೆ ಸೋಕ್ಯಾಟ್ ಕೂಡ ನಿಲ್ಲುತ್ತದೆ, ತಾನಾಗಿ ಮತ್ತೆ ಏಳುವಂತೆ ಒಂದು ಸಣ್ಣ ಸ್ಕ್ರಿಪ್ಟ್ ಬರೆದಿಡಿ.